ನೂರು ಕಿಲೋಮೀಟರ್ ಆಳದ ಸಮಾಚಾರ

ಮಣ್ಣಿನಲ್ಲಿ ತಂತಿ ಹೂತು ಭೂಮಿಯ ಹೊಟ್ಟೆಯೊಳಗೆ ಏನಿದೆಯೆಂದು ನೋಡುವುದು ನನ್ನ ಕೆಲಸ. ಒಳಗಿನದು ತಿಳಿಯಲು ವರ್ಷಗಟ್ಟಲೆ ಬೇಕು. ಮೇಲಿರುವ ಜನರಿಗೆ ನಮ್ಮನ್ನು ನಗಿಸಲು ಅರ್ಧ ಗಂಟೆ ಸಾಕು.

ಮೊಬೈಲಿಗೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದ ಕಾಲ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿನ ನೆಲ ಬಿರಿದು, ಒಂದು ತುಂಡು ಮಡಗಾಸ್ಕರ್ ಆಗಿ ದೂರ ಹೋಗಿತ್ತು. ಆ ಬಿರುಕು ಎಷ್ಟು ಆಳದ್ದೆಂದು ತಿಳಿಯಲು ನರಸಿಂಹರಾಜಪುರದಿಂದ ಪಶ್ಚಿಮಕ್ಕೆ ಅಳೆಯುತ್ತ ಹೊರಟೆವು. ಮಳೆ ಹಿಡಿಯುವುದರೊಳಗೆ ಕೊನೆಯ ಜಾಗ ಮುಗಿಯದಿದ್ದರೆ ಅಷ್ಟೂ ದುಡಿಮೆ ನೀರುಪಾಲು.

೧. ಕಡಹಿನಬೈಲು

ಗದ್ದೆಯ ಯಜಮಾನರಿಗೆ ಠೀವಿಯಿಂದ ಹೇಳಿದೆ: "ನಮ್ಮ ಯಂತ್ರಕ್ಕೆ ನೂರು ಕಿಲೋಮೀಟರ್ ಆಳದ್ದೂ ಗೊತ್ತಾಗುತ್ತೆ."

"ಹೌದಾ ಮಾರಾಯ್ರೆ! ಹಂಗಾದ್ರೆ ಬೋರ್‌ವೆಲ್ಲಿಗೊಂದು ಪಾಯಿಂಟ್ ತೋರ್ಸಿ. ಮುನ್ನೂರು ಅಡಿಲಿ ನೀರು ಬೇಕು."

"ಅಷ್ಟು ಹತ್ತಿರದ್ದು ಇದರಲ್ಲಿ ಕಾಣಲ್ಲ."

ಅವರು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು: "ಕಾಫಿ ಸ್ವಲ್ಪ ದೂರ ಇಡೇ. ಇವ್ರಿಗೆ ಹತ್ರದ್ದು ಕಾಣಲ್ವಂತೆ!"

೨. ಮೇಗುಂದ

ಕೊಪ್ಪ ತಾಲ್ಲೂಕಿನ ಮೇಗುಂದದಲ್ಲಿ ಅಣ್ಣ ತಮ್ಮಂದಿರಿಬ್ಬರಿಗೆ ಗಡಿ ತಕರಾರು. ನಾವು ತಂತಿ ಎಳೆಯುವುದನ್ನು ಕಂಡು, ಜಮೀನು ಅಳೆಯಲು ಬಂದವರೆಂದುಕೊಂಡು ಇಬ್ಬರೂ ಓಡಿಬಂದರು. ಮಡಗಾಸ್ಕರಿನ ಕಥೆ ಹೇಳಿ ಸಮಾಧಾನಪಡಿಸಿದೆ. ಅಣ್ಣ ಪೂರ್ತಿ ಕೇಳಿಸಿಕೊಂಡು ತಮ್ಮನ ಕಡೆ ತಿರುಗಿದರು.

"ಕೇಳ್ದ್ಯಾ? ನಿನ್ನ ಪಾಲಿನ ಜಾಗ ಮಡಗಾಸ್ಕರಿಗೆ ಹೋಗಿದ್ಯಂತೆ. ಇಷ್ಟು ವರ್ಷ ಸುಮ್ನೆ ನನ್ನ ಬೈದ್ಯಲ್ಲ ಮಾರಾಯ!"

೩. ಕೆರೆಕಟ್ಟೆ

ಶೃಂಗೇರಿ ದಾಟಿ ಕೆರೆಕಟ್ಟೆಗೆ ಬಂದೆವು. ಅದೇ ಕೊನೆಯ ಜಾಗ. ನೆಲದೊಳಗಿನ ಸಣ್ಣ ಕರೆಂಟ್ ಹಿಡಿಯಲು ನಾವು ತಂತಿಯ ತುದಿಗೆ ಉಪ್ಪುಮಣ್ಣು ತುಂಬಿದ ಪುಟ್ಟ ಕುಡಿಕೆಗಳನ್ನು ಕಟ್ಟಿ ಹೂಳುತ್ತೇವೆ. ಉಪ್ಪಿನ ಆಸೆಗೆ ದನಗಳು ಅಷ್ಟನ್ನೂ ಕೆದಕಿ ನೆಕ್ಕಿದವು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು, ನನಗೆ ಅಳುವೇ ಬಂತು.

ಜಾಗದ ಯಜಮಾನರಾದ ಅಜ್ಜ ಧೈರ್ಯ ಹೇಳಿದರು: "ತಲೆಬಿಸಿ ಮಾಡ್ಬೇಡಿ ಮಾರಾಯ್ರೆ. ಇವತ್ತು ಒಂದು ನೊಣನೂ ಹತ್ರ ಬರಲ್ಲ."

ಕುಡಿಕೆಗಳನ್ನು ಮತ್ತೆ ಹೂತು ಹೋದೆವು. ಮರುದಿನ ನೋಡಿದರೆ ರೆಕಾರ್ಡಿನ ತುಂಬ ಒಂದೇ ತಾಳದ ಮಿಡಿತ! "ಇದು ಬಿರುಕಿನ ನಾಡಿ. ಜಗತ್ತಿನಲ್ಲಿ ಯಾರೂ ಕಂಡಿಲ್ಲ" ಎಂದು ಸಹೋದ್ಯೋಗಿಗೆ ಘೋಷಿಸಿಬಿಟ್ಟೆ.

ಅಜ್ಜ ಲ್ಯಾಪ್‌ಟಾಪಿನಲ್ಲಿ ಇಣುಕಿದರು. "ನಮ್ಮ ಬೇಲಿ ಇದ್ರಲ್ಲೂ ಕಾಣುತ್ತಾ?"

ಹಂದಿ ಬಾರದಂತೆ ಗೆಣಸಿನ ಗದ್ದೆಗೆ ಹಾಕಿದ್ದ, ಕ್ಷಣಕ್ಕೊಮ್ಮೆ ಮಿಡಿಯುವ ಕರೆಂಟ್ ಬೇಲಿಯನ್ನು, ನಾವು ಹೋದ ಮೇಲೆ, ನಮ್ಮ ಕುಡಿಕೆಗಳ ಸುತ್ತಲೂ ಮುಂದುವರಿಸಿದ್ದರು!

ಉಳಿದದ್ದು ಒಂದೇ ರಾತ್ರಿ. ಬೇಲಿ ಆಫ್ ಮಾಡಿ ಎಂದು ಕೈಮುಗಿದೆ. ಅಜ್ಜ ಗೆಣಸಿನ ಗದ್ದೆಯನ್ನೊಮ್ಮೆ ನೋಡಿದರು. "ಆಯ್ತು. ದನ ಕೊಟ್ಟಿಗೇಲೇ ಕಟ್ತೀನಿ" ಎಂದರು.

ಬೆಳಿಗ್ಗೆ ರೆಕಾರ್ಡ್ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ತಂತಿ ಸುತ್ತುವಾಗ ಮೊದಲ ಹನಿ ಬಿತ್ತು. ಖುಷಿ ತಡೆಯಲಾಗದೆ ಅಜ್ಜನ ಕೈ ಹಿಡಿದುಕೊಂಡೆ. "ಅಜ್ಜ, ನೂರು ಕಿಲೋಮೀಟರ್ ಕೆಳಗಿನವರೆಗೂ ಎಲ್ಲ ಗೊತ್ತಾಯ್ತು!"

"ಸಂತೋಷ" ಎಂದರು ಅಜ್ಜ. "ಮೇಲಿನ ಒಂದಡಿದು ನಾನು ಹೇಳ್ತೀನಿ, ಬರ್ಕೊಳ್ಳಿ. ಗೆಣಸು ಒಂದೂ ಇಲ್ಲ. ಹಂದಿಗಳು ನಿಮಗಿಂತ ಮೊದಲೇ ಸರ್ವೆ ಮುಗಿಸಿ ಹೋಗಿವೆ."