ಜೋಳದ ಕೋಣೆಗೊಂದು ಕಿಟಕಿ

ನಮ್ಮ ಇಳಕಲ್ಲಿನ ಮನೆಯ ಒಳಗನ್ನು ಹೊಸದಾಗಿ ಮಾಡಿಕೊಟ್ಟ ಹುನಗುಂದದ ಮಿಸ್ತ್ರಿಗೆ ತಲೆ ಕೆಟ್ಟಿತ್ತೆಂದು ನಾನು ಹೇಳಲಾರೆ. ಕೆಡಬೇಕಾದರೆ ಮೊದಲು ತಲೆ ಇರಬೇಕಲ್ಲ!

ಅವಸರ ನಮಗಿತ್ತು. ಹೆಂಡತಿಗೆ ಎರಡನೆಯ ಹೆರಿಗೆ ಹತ್ತಿರ ಬಂದಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಪಡಸಾಲೆ ಸಿದ್ಧವಾಗಬೇಕಿತ್ತು. ಆ ದಿನದ್ದೇ ಒಂದು ಸಂಕಟವೂ ಇತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಮೊದಲ ಮಗನಿಗೆ ನನ್ನ ಅಕ್ಕನೇ ಹೇಳಿದ್ದಳು. ಈಗ ಅವಳು ಗಂಡನನ್ನು ಕಳೆದುಕೊಂಡು ಬಂದು, ಜೋಳದ ಕೋಣೆಯಲ್ಲಿ ಮಗ್ಗಕ್ಕೆ ನೂಲು ಸುತ್ತುತ್ತ ಕೂತಿರುತ್ತಿದ್ದಳು. "ಶುಭಕಾರ್ಯದಾಗ ಆಕಿ ಪಡಸಾಲಿಗೆ ಬರೂದು ಬ್ಯಾಡ," ಎಂದು ಅಪ್ಪ ಹೇಳಿಬಿಟ್ಟಿದ್ದ. ಅಕ್ಕ ತನ್ನ ನೂಲಿಗೆ ಮರಳಿದಳು. ನಾನು ಅಪ್ಪನಿಗೆ ಎದುರಾಡಲಿಲ್ಲ; ಆ ನಾಚಿಕೆ ನನಗೆ ಇನ್ನೂ ಇದೆ.

ಮಿಸ್ತ್ರಿ ಮೂರು ದಿನ ಉಳಿ ಮುಟ್ಟಲಿಲ್ಲ. ಮಜ್ಜಿಗೆ ಕುಡಿಯುತ್ತ ಒಬ್ಬೊಬ್ಬರನ್ನೇ, "ನೀವು ಎಲ್ಲಿ ಕೂಡ್ತೀರಿ?" ಎಂದು ಕೇಳಿದ.

"ಕೆಲಸ ಯಾವಾಗ ಚಾಲೂ ಮಾಡ್ತೀರಿ?" ಎಂದೆ.

"ಮಾಡಾಕತ್ತೇನಲ್ರಿ. ನೀವಂತೂ ಎಲ್ಲಾರ ಹಾದ್ಯಾಗ ಕೂಡ್ತೀರಿ. ನಿಮಗ ಜಾಗಾ ಎಲ್ಲಿ ಕೊಡ್ಲಿ?"

ಅಪ್ಪನನ್ನು ಮಲಗಿಸಿ ತೋಳಿಗೆ ದಾರ ಹಿಡಿದು ಅಳೆದ. ಕೈ ಮುರಿದಿದೆಯೆಂದುಕೊಂಡು ಪಕ್ಕದ ಮನೆಯವರು ಎಣ್ಣೆ ತಂದರು! ನಾಲ್ಕು ದಿನಕ್ಕೆ ಗೋಡೆಯಲ್ಲೊಂದು ಗೂಡು ಮೂಡಿತು. ಅಪ್ಪ ಇದ್ದಲ್ಲಿಂದಲೇ ಕೈ ಚಾಚಿದರೆ ತಂಬಾಕಿನ ಚೀಲ ಸಿಗುತ್ತಿತ್ತು. ಅಂದಿನಿಂದ ಅಪ್ಪ ಮಿಸ್ತ್ರಿಯ ಪಕ್ಷ.

ಆಮೇಲೆ ಜೋಳದ ಕೋಣೆಗೆ ಹೋಗಿ, ನೂಲು ಸುತ್ತುತ್ತ ಕೂತ ಅಕ್ಕನ ಗಲ್ಲದ ನೇರಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ.

"ಏನ್ರೀ ಇದು?" ಎಂದೆ.

"ಗೆರಿ ರೀ."

ಮರುವಾರ ಆ ಗೆರೆಯಿದ್ದಲ್ಲಿ ಕಿಟಕಿ ಬಂತು. ಸರಳಿಲ್ಲದ ಕಿಟಕಿ, ಜೋಳದ ಕೋಣೆಗೂ ಪಡಸಾಲೆಗೂ ನಡುವೆ. ಕಿಟಕಿಯೆಂದರೆ ಆಚೆ ಬೀದಿಯೋ ಹಿತ್ತಲೋ ಇರಬೇಡವೇ?

"ಜ್ವಾಳ ಪಡಸಾಲಿ ನೋಡ್ತಾವೇನ್ರಿ?" ಎಂದು ಕೂಗಾಡಿದೆ.

"ಜ್ವಾಳಕ್ಕೂ ಬ್ಯಾಸರ ಆಕ್ಕೈತ್ರಿ."

ಸಾಲದ್ದಕ್ಕೆ ತೊಟ್ಟಿಲ ಕೊಂಡಿಯನ್ನೂ ಆ ಕಿಟಕಿಯ ಮುಂದೆಯೇ ಜಂತಿಗೆ ಹೊಡೆದ. ಕಿಟಕಿ ಮುಚ್ಚಿರೆಂದು ಬೇಡಿಕೊಂಡೆ. "ತೊಟ್ಟಿಲದ ದಿನಾ ಮುಗೀಲಿ, ಮುಚ್ಚತೇನಿ," ಅಂದ.

ಕೂಸು ಹುಟ್ಟಿ ಆ ದಿನವೂ ಬಂತು. ಹೆಸರು ಹೇಳಲು ಕಲಾದಗಿಯಿಂದ ದೊಡ್ಡಪ್ಪನ ಮಗಳು ಬಂದಿದ್ದಳು. ಅವಳು ಬಾಗುವ ಮೊದಲೇ ನನ್ನ ಹೆಂಡತಿ ತೊಟ್ಟಿಲನ್ನು ಮೆಲ್ಲಗೆ ಕಿಟಕಿಯತ್ತ ತಳ್ಳಿ ಹಿಡಿದಳು. ಒಳಗೆ ಅಕ್ಕ ಕೂತಿದ್ದಳು. ಅವಳು ಏಳಬೇಕಾಗಲಿಲ್ಲ. ತುಸು ಮುಂದೆ ಬಾಗಿದ್ದಕ್ಕೆ ಬಾಯಿ ಸರಿಯಾಗಿ ಕೂಸಿನ ಕಿವಿಗೆ ಬಂತು. ಹೆಸರು ಹೇಳಿದಳು.

ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಗೂಡಿಗೆ ಕೈಹಾಕಿ ತಂಬಾಕು ತೆಗೆದು ಬಹಳ ಹೊತ್ತು ತಿಕ್ಕಿದ.

"ಆಕಿ ಪಡಸಾಲಿಗೆ ಬಂದಿಲ್ಲಲ್ಲ," ಎಂದ. "ಜೋಗುಳ ಹಾಡ್ರಿ."

ಹೊರಗೆ ಕಟ್ಟೆಯ ಮೇಲೆ ಮಿಸ್ತ್ರಿ ಸಾಮಾನು ಹರವಿಕೊಂಡು ಕೂತಿದ್ದ. "ಕಿಟಕಿ ಮುಚ್ಚಲೇನ್ರಿ ಈಗ?" ಎಂದು ಕೇಳಿದ. ಅವನ ಕೈಯಿಂದ ಉಳಿ ಕಸಿದು ಅವನ ಚೀಲದೊಳಗೇ ಹಾಕಿದೆ.