ಮಗಳ ಕಣ್ಣಿಗೆ ನನ್ನ ಸಹಿ

ಜಗಳಕ್ಕೆ ಹೋಗುವಾಗ ಒಳ್ಳೆಯ ಸೀರೆ ಉಡಬೇಕು ಎನ್ನುವುದು ನನ್ನ ನಿಯಮ. ಮನೆಯಲ್ಲಿ ಉಡುವ ಹಳೇ ಸೀರೆಯಲ್ಲೇ ಹೋದರೆ, ಪಾಪ ಏನೋ ಕೇಳಿಕೊಳ್ಳಲು ಬಂದಿದ್ದಾಳೆ ಅಂದುಕೊಂಡು ಕೂರಿಸಿ ಕಾಫಿ ಕೊಟ್ಟುಬಿಡುತ್ತಾರೆ. ಕಾಫಿ ಕುಡಿದ ಮೇಲೆ ಜಗಳ ಎಲ್ಲಿಂದ ಬರಬೇಕು? ಹಾಗಾಗಿ ಮಗಳ ಶಾಲೆಗೆ ಹೊರಟ ದಿನ ಬೀರು ತೆಗೆದು, ತಂಗಿಯ ಮದುವೆಗೆ ಕೊಂಡಿದ್ದ ನೇರಳೆ ಸೀರೆ ಉಟ್ಟೆ.

ವಿಷಯ ಇಷ್ಟೇ. ಏಳನೇ ಕ್ಲಾಸಿನ ಚೈತ್ರ ಹಿಂದಿನ ಸಂಜೆ ಬ್ಯಾಗು ಕೆಳಗಿಡುತ್ತಲೇ, “ಅಮ್ಮಾ, ಸ್ಕೂಲಿಗೆ ಕಣ್ಣಿನ ಡಾಕ್ಟ್ರು ಬಂದಿದ್ರು. ನಂಗೆ ಕನ್ನಡಕ ಬೇಕಂತೆ. ನೀನು ಸಹಿ ಹಾಕ್ಬೇಕಂತೆ” ಎಂದಳು. ನನಗೆ ಮೈಯೆಲ್ಲ ಉರಿಯಿತು. ನೋಡುವುದಕ್ಕೆ ಮುಂಚೆ ಕೇಳಬೇಕೋ, ನೋಡಿದ ಮೇಲೆ ಕೇಳಬೇಕೋ? ಅದೇ ವಾರ ಪತ್ರಿಕೆಯಲ್ಲಿ ಓದಿದ್ದೆ: ಶಾಲೆಯಲ್ಲಿ ಮಕ್ಕಳಿಗೆ ತಪಾಸಣೆ ಮಾಡಲಿ, ಒಂದು ಮಾತ್ರೆ ಕೊಡಲಿ, ಮೊದಲು ತಂದೆತಾಯಿಯ ಲಿಖಿತ ಒಪ್ಪಿಗೆ ಪಡೆಯಬೇಕು ಅಂತ ಒಂದು ಮಸೂದೆ ಬರಲಿದೆಯಂತೆ. ಆ ಸುದ್ದಿ ಕತ್ತರಿಸಿ ಇಟ್ಟುಕೊಂಡೆ. ನನ್ನ ಗಂಡ ಗೌರಿಬಿದನೂರಿನಲ್ಲಿ ಗುಮಾಸ್ತರು. ಜಗಳ ಬೇಡ ಅನ್ನಿಸಿದಾಗಲೆಲ್ಲ ಅವರ ಬಾಯಲ್ಲಿ ತೆಲುಗು ಬರುತ್ತದೆ. “ಪೋನೀಲೇ, ಹೋಗ್ಲಿ ಬಿಡು, ಕನ್ನಡಕ ತಾನೇ” ಎಂದರು. ಅವರ ಜೊತೆ ಮಾತು ಅಲ್ಲಿಗೆ ನಿಲ್ಲಿಸಿದೆ.

ನಾನು ದಿಬ್ಬೂರಹಳ್ಳಿಯಲ್ಲಿ ರೇಷ್ಮೆಹುಳು ಸಾಕುವವಳು. ನಮ್ಮ ಹುಳು ಮನೆಗೆ ಕೈಕಾಲು ತೊಳೆಯದೆ, ನನ್ನನ್ನು ಕೇಳದೆ ಯಾರೂ ಕಾಲಿಡುವಂತಿಲ್ಲ. ಒಮ್ಮೆ ಅತ್ತೆಯ ತಮ್ಮ ಘಮ್ಮೆಂದು ಸೆಂಟು ಹಾಕಿಕೊಂಡು ಒಳಗೆ ಬರಲು ಹೋದರು. ಆ ವಾಸನೆ ಹುಳುವಿಗೆ ಆಗದು, ಬಾಗಿಲಲ್ಲೇ ಅಡ್ಡ ನಿಂತೆ. ಅಂದಿನಿಂದ ಅವರು ನಮ್ಮ ಮನೆ ಕಡೆ ತಲೆ ಹಾಕಿಲ್ಲ, ಆದರೆ ಹುಳು ಚೆನ್ನಾಗಿ ಗೂಡು ಕಟ್ಟಿದವು. ಹುಳುವಿಗೇ ಇಷ್ಟು ಮರ್ಯಾದೆ ಇರುವಾಗ ಹೆತ್ತ ಮಗಳಿಗೆ ಬೇಡವೇ?

ಹೆಡ್ ಮೇಡಂ ನನ್ನ ಸೀರೆ ನೋಡಿ ಕುರ್ಚಿ ತೋರಿಸಿದರು. “ಬನ್ನಿಮ್ಮಾ, ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ ಮೇಡಂ. ಯಾರನ್ನ ಕೇಳಿ ನನ್ನ ಮಗಳ ಕಣ್ಣು ನೋಡಿಸಿದ್ರಿ?” ಎಂದು ಪತ್ರಿಕೆಯ ತುಂಡನ್ನು ಮೇಜಿನ ಮೇಲಿಟ್ಟೆ.

ಮೇಡಂ ಅದನ್ನು ಪೂರ್ತಿ ಓದಿದರು. “ಇದು ಇನ್ನೂ ಕಾಯ್ದೆ ಆಗಿಲ್ಲಮ್ಮ. ಆದ್ರೂ ನಿಮ್ಮ ಮಾತು ನ್ಯಾಯನೇ, ಮೊದ್ಲೇ ಒಂದು ಚೀಟಿ ಕಳಿಸ್ಬೇಕಿತ್ತು. ಆದ್ರೆ ಚೈತ್ರಂಗೆ ಬೋರ್ಡ್ ಮೇಲಿರೋದು ಕಾಣ್ಸಲ್ಲ. ಪಕ್ಕದ ಹುಡುಗಿ ನೋಟ್ಸ್ ನೋಡ್ಕೊಂಡು ಬರೀತಾಳೆ. ನಿಮ್ಗೆ ಗೊತ್ತಿರ್ಲಿಲ್ವಾ?”

“ನನ್ನ ಮಗಳ ಕಣ್ಣು ನಂಗೆ ಗೊತ್ತಿರಲ್ವಾ?” ಎಂದು ಗುಡುಗಿದೆ. ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಸಿಟ್ಟೆಲ್ಲ ಅದೇ. ಒಂದು ಗಂಟೆ ಬಂದು ಹೋದವರಿಗೆ ತಿಳಿದದ್ದು ಹನ್ನೆರಡು ವರ್ಷ ಸಾಕಿದ ನನಗೆ ತಿಳಿದಿರಲಿಲ್ಲ. ಆದರೆ ಅದನ್ನು ನೇರಳೆ ಸೀರೆ ಉಟ್ಟುಕೊಂಡು ಒಪ್ಪಿಕೊಳ್ಳುವುದು ಹೇಗೆ? “ಸಹಿ ಹಾಕಲ್ಲ. ಹಕ್ಕು ನಂದು” ಎಂದುಬಿಟ್ಟೆ.

ಮೇಡಂ ಚೈತ್ರಳನ್ನು ಕರೆಸಿದರು. ಅವಳು ಬಂದು ನಮ್ಮಿಬ್ಬರ ಮುಖವನ್ನೂ ನೋಡಿದಳು.

“ಅಮ್ಮಾ, ಹಕ್ಕು ನಿಂದೇ ಇಟ್ಕೋ. ಬೋರ್ಡ್ ಕಾಣ್ದೇ ಇರೋದು ನಂಗೆ.”

“ಮನೇಲಿ ಬಾಯಿ ಬಿಟ್ಟು ಹೇಳೋಕೇನಾಗಿತ್ತೇ?”

“ಮೂರು ಸಲ ಹೇಳ್ದೆ ಕಣಮ್ಮ. ಹುಳ ಹಣ್ಣಾಗ್ಲಿ, ಆಮೇಲೆ ಹೇಳುವಂತೆ ಅಂತ ನೀನೇ ಅಂದೆ.”

ಅಂದಿರಬೇಕು. ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುವ ವಾರ ನಮ್ಮ ಮನೆಯಲ್ಲಿ ಯಾರಿಗೂ ಹಸಿವಿಲ್ಲ, ನಿದ್ದೆಯಿಲ್ಲ, ಕಾಯಿಲೆಯಂತೂ ಇಲ್ಲವೇ ಇಲ್ಲ. ಒಂದೊಂದು ಹುಳುವನ್ನೂ ಬೆಳಕಿಗೆ ಹಿಡಿದು ಹಣ್ಣಾಯಿತೋ ಇಲ್ಲವೋ ನೋಡುತ್ತಿದ್ದವಳಿಗೆ, ಪಕ್ಕದಲ್ಲಿ ನಿಂತು ಮೂರು ಸಲ ಹೇಳಿದ ಮಗಳ ಮುಖ ನೋಡಲು ಪುರುಸೊತ್ತಿರಲಿಲ್ಲ. ಮೇಡಂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು, ಪುಣ್ಯಾತ್ಗಿತ್ತಿ.

ಸಹಿ ಹಾಕಿದೆ. ಹಾಗಂತ ಸೋತೆ ಅಂದುಕೊಳ್ಳಬೇಡಿ. ಮುಂದಿನ ಸಲ ಮೊದಲು ಚೀಟಿ ಕಳಿಸಬೇಕು ಅಂತ ಆ ಫಾರಂ ಕೆಳಗೇ ಬರೆದು, ಅದಕ್ಕೂ ಬೇರೆ ಸಹಿ ಹಾಕಿ ಬಂದೆ. ಮಸೂದೆ ಬರಲಿ, ಬರಲೇಬೇಕು, ನಮ್ಮನ್ನು ಕೇಳಲೇಬೇಕು. ಈ ಮಾತಿನಲ್ಲಿ ನಾನು ಯಾರಿಗೂ ಜಗ್ಗುವವಳಲ್ಲ.

ಹದಿನೈದು ದಿನಕ್ಕೆ ಕನ್ನಡಕ ಬಂತು. ಸಂಜೆ ಚೈತ್ರ ಅದನ್ನು ಹಾಕಿಕೊಂಡು ಗೇಟಿನ ಹತ್ತಿರವೇ ನಿಂತುಬಿಟ್ಟಳು. ನಾನು ಅಂಗಳದ ಈ ತುದಿಯಲ್ಲಿ ಹುಳುವಿಗೆ ಸೊಪ್ಪು ತರುವವನ ಜೊತೆ ಮಾತಾಡುತ್ತಿದ್ದೆ.

“ಯಾಕೇ ಹಂಗೆ ನೋಡ್ತಿದ್ದೀಯ?” ಎಂದೆ.

“ಮಾತಾಡುವಾಗೆಲ್ಲ ನಿನ್ನ ಮುಖ ಹೀಗೇ ಇರುತ್ತಾ ಅಮ್ಮಾ?” ಎಂದಳು. “ದೂರದಿಂದ ನೋಡಿ, ನೀನು ನಗ್ತಾ ಇರ್ತೀಯ ಅಂದ್ಕೊಂಡಿದ್ದೆ.”

ಲಿಖಿತ ಒಪ್ಪಿಗೆ ಕೊಟ್ಟವಳು ನಾನೇ. ಈಗ ಯಾವ ಸೀರೆ ಉಟ್ಟು, ಯಾರ ಹತ್ತಿರ ಜಗಳಕ್ಕೆ ಹೋಗಲಿ?