ಎರಡು ಹೊಟ್ಟೆಯ ಗಾಡಿ

ನಾನು ಕಲಿತದ್ದು ಮೂರನೇ ಇಯತ್ತೆ. ಆದರೆ ಗ್ಯಾಸಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಚಿತ್ತಾಪುರದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಆಗ ನನಗೆ ಪಕ್ಕಾ ನಂಬಿಕೆ ಇತ್ತು. ನಮ್ಮ ಓಣಿಯಲ್ಲಿ ಮೊದಲು ಸಿಲಿಂಡರ್ ಬಂದದ್ದು ನಮ್ಮ ಮನೆಗೆ. ಯಾರ ಒಲೆ ಹತ್ತದಿದ್ದರೂ, ಯಾರ ರೆಗ್ಯುಲೇಟರ್ ಸರಿಯಾಗಿ ಕೂಡದಿದ್ದರೂ ನನ್ನನ್ನೇ ಕರೆಯುತ್ತಿದ್ದರು. ಹೋಗುತ್ತಿದ್ದೆ, ತಿರುವುತ್ತಿದ್ದೆ, ಚಹಾ ಕುಡಿದು ಬರುತ್ತಿದ್ದೆ. ಇಂಥವಳಿಗೆ ಒಂದು ಗಾಡಿ ಆರಿಸುವುದು ಯಾವ ಲೆಕ್ಕ?

ಗಾಡಿ ಬೇಕಾದದ್ದು ಮೊಮ್ಮಗಳು ಭಾಗ್ಯಳ ಸಲುವಾಗಿ. ಅವಳನ್ನು ಚಿಂಚೋಳಿಗೆ ಕೊಟ್ಟಿದ್ದೆವು. ಮದುವೆಯಾದ ಮರುವರ್ಷವೇ ಬಸುರಿಯಾದಳು. ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ. ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಹೊಸ ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಬಯಸಿದ್ದನ್ನು ಉಣ್ಣಿಸಿ, ಚೊಚ್ಚಲ ಹೆರಿಗೆಗೆ ಮನೆಗೆ ಕರೆದುಕೊಂಡು ಬರಬೇಕು. ಐದು, ಏಳು, ಒಂಬತ್ತು, ಹೀಗೆ ಬೆಸ ತಿಂಗಳಲ್ಲೇ ಆಗಬೇಕು. ಏಳರಲ್ಲಿ ಮಾಡೋಣವೆಂದು ನಾನು ಬೀಗಿತಿ ಗಂಗವ್ವನಿಗೆ ಫೋನು ಮಾಡಿದೆ.

“ಕುಬಸಾ ಮಾಡ್ರಿ, ಬ್ಯಾಡ ಅನ್ನಂಗಿಲ್ಲ,” ಅಂದಳು ಗಂಗವ್ವ. “ಆದ್ರ ಈ ರಸ್ತ್ಯಾಗ ಬಸುರಿ ಹುಡುಗೀನ ಬಸ್ಸಿನಾಗ ಕಳ್ಸಂಗಿಲ್ರಿ ನಾ. ನಮ್ಮೂರಾಗೂ ದವಾಖಾನಿ ಅದ. ಇಲ್ಲೇ ಹಡೀಲಿ.”

ಅಷ್ಟರಲ್ಲಿ ಫೋನು ಭಾಗ್ಯಳ ಕೈಗೆ ಬಂತು. ಹುಡುಗಿ ದನಿ ಸಣ್ಣದು ಮಾಡಿ, “ಅಜ್ಜಿ, ಹ್ಯಾಂಗಾರ ಮಾಡಿ ನನ್ನ ಕರ್ಕೊಂಡು ಹೋಗು,” ಅಂದಿತು. ಅತ್ತೆ ಕೆಟ್ಟವಳೇನಲ್ಲ. ಆದರೆ ಮೊದಲ ಹೆರಿಗೆಯಲ್ಲಿ ಕೂಗಬೇಕೆಂದರೆ ತವರಿನಲ್ಲೇ ಕೂಗಬೇಕು, ಅತ್ತೆಯ ಮನೆಯಲ್ಲಿ ಬಾಯಿಬಿಟ್ಟು ಕೂಗಲು ಬರುವುದಿಲ್ಲ. ಅದು ನನಗೂ ಗೊತ್ತು. ಗಂಗವ್ವನನ್ನು ಮತ್ತೆ ಫೋನಿಗೆ ಕರೆಸಿ ಹೇಳಿದೆ, ಬಸ್ಸು ಯಾಕೆ, ನಮ್ಮ ಸ್ವಂತ ಗಾಡಿ ತರುತ್ತೇನೆ ಎಂದು. ಆಗ ನಮ್ಮ ಮನೆಯಲ್ಲಿ ಇದ್ದದ್ದು ಒಂದು ಸೈಕಲ್, ಒಂದು ಎಮ್ಮೆ.

ನಮ್ಮ ಮನೆಯವರದು ಮಾತು ಕಡಿಮೆ. ಬಟ್ಟೆ ಅಂಗಡಿಯನ್ನು ಮಗ, ಭಾಗ್ಯಳ ಅಪ್ಪ ಮಲ್ಲಣ್ಣನ ಕೈಗೆ ಕೊಟ್ಟ ಮೇಲೆ ಇನ್ನೂ ಕಡಿಮೆ. ಬಾಡಿಗೆ ಕಾರು ತಗೊಂಡರೆ ಮುಗಿಯಿತಲ್ಲ ಅಂದರು. ಚೊಚ್ಚಲ ಬಸುರಿಯನ್ನು ಬಾಡಿಗೆ ಗಾಡಿಯಲ್ಲಿ ತರುವುದೇ? ಗಂಗವ್ವ ಊರೆಲ್ಲ ಹೇಳಿಕೊಂಡು ತಿರುಗುವುದಿಲ್ಲವೇ? ನಾನು ಒಪ್ಪಲಿಲ್ಲ. ಹೇಗೂ ಅಂಗಡಿಯ ಮಾಲು ತರಲು ಮಲ್ಲಣ್ಣನಿಗೆ ಒಂದು ಗಾಡಿ ಬೇಕಾಗಿತ್ತು. ಮೂವರೂ ಗುಲ್ಬರ್ಗದ ಶೋರೂಮಿಗೆ ಹೋದೆವು.

ಶೋರೂಮಿನ ಬಾಗಿಲಲ್ಲೇ ಒಂದು ಡೀಸೆಲ್ ಜೀಪು ತೊಳೆದು ನಿಲ್ಲಿಸಿದ್ದರು. ದುಡ್ಡು ಕಟ್ಟಿದರೆ ಅವತ್ತೇ ತೆಗೆದುಕೊಂಡು ಹೋಗಬಹುದಿತ್ತು. ನಮ್ಮ ಮನೆಯವರು ಅದರ ಬಾಗಿಲು ತೆಗೆದು ಒಳಗೆ ಕೂತೇ ಬಿಟ್ಟರು. ಎರಡನೆಯದು ಪೆಟ್ರೋಲ್ ವ್ಯಾನು, ಕೆಲವು ವಾರಕ್ಕೆ ಸಿಗುತ್ತಿತ್ತು. ಮೂರನೆಯದು ಪೆಟ್ರೋಲ್ ಮೇಲೂ ಓಡುವ, ಗ್ಯಾಸಿನ ಮೇಲೂ ಓಡುವ ವ್ಯಾನು. ಅದು ಅಲ್ಲಿ ಇರಲೇ ಇಲ್ಲ. ಅದರ ಚಿತ್ರ ಮಾತ್ರ ಗೋಡೆಗೆ ಇತ್ತು.

ಅಲ್ಲಿನ ಹುಡುಗ ಟೈ ಕಟ್ಟಿಕೊಂಡು ಬಂದು, ಇದು ಹೈಬ್ರಿಡ್ ಇದ್ದ ಹಾಗೆ, ಒಂದು ತೀರಿದರೆ ಇನ್ನೊಂದು ಇರುತ್ತದೆ, ಗ್ಯಾಸು ಪೆಟ್ರೋಲಿಗಿಂತ ಸೋವಿ ಎಂದೆಲ್ಲ ಹೇಳಿದ. ನನಗೆ ಗೊತ್ತಿದ್ದ ಹೈಬ್ರಿಡ್ ಎಂದರೆ ಜೋಳ ಒಂದೇ. ಅದರ ರೊಟ್ಟಿಗೆ ರುಚಿ ಇಲ್ಲದಿದ್ದರೂ ರಾಶಿ ಮಾತ್ರ ದೊಡ್ಡದು. ಒಂದು ಗಾಡಿಗೆ ಎರಡು ಹೊಟ್ಟೆ! ಅದರಲ್ಲೂ ಒಂದು ಹೊಟ್ಟೆ ಗ್ಯಾಸಿನದು, ನನ್ನ ಕೈಯ ವಿದ್ಯೆ. ಬಾಗಿಲಲ್ಲಿ ನಿಂತ ಜೀಪನ್ನು ಬಿಟ್ಟು ನಾನು ಗೋಡೆಯ ಚಿತ್ರವನ್ನು ಆರಿಸಿದೆ. ನಮ್ಮ ಮನೆಯವರನ್ನು ಜೀಪಿನಿಂದ ಇಳಿಸಲು ಮಲ್ಲಣ್ಣನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ದಸರೆಗೆ ಗಾಡಿ ಕೊಡುತ್ತೇವೆಂದರು. ಊರಿಗೆ ಬಂದ ಮರುದಿನವೇ ನಾನು ಎಮ್ಮೆಯನ್ನು ಕೊಟ್ಟಿಗೆಯಿಂದ ಬಿಚ್ಚಿ ಬೇವಿನ ಗಿಡಕ್ಕೆ ಕಟ್ಟಿದೆ. ಕೊಟ್ಟಿಗೆಗೆ ಶಹಾಬಾದ್ ಫರಸಿ ಕಲ್ಲು ಹಾಸಿಸಿ, ಗೋಡೆಗೆ ಸುಣ್ಣ ಬಳಿಸಿ, ಬಾಗಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಗಾಡಿಯ ಸೀಟಿಗೆಂದು ಹಳೆಯ ಸೀರೆಗಳನ್ನು ಕೂಡಿಸಿ ಮೆತ್ತನೆಯ ಕೌದಿ ಹೊಲಿದೆ. ಎಮ್ಮೆ ಸಿಟ್ಟಾಗಿ ಹಾಲು ಕಡಿಮೆ ಮಾಡಿತು. ನಾನು ಲಕ್ಷ್ಯ ಕೊಡಲಿಲ್ಲ.

ದಸರೆ ಬಂತು. ಊರಿನವರೆಲ್ಲ ತಮ್ಮ ತಮ್ಮ ಗಾಡಿಗೆ ಪೂಜೆ ಮಾಡಿದರು. ನಾನು ಖಾಲಿ ಕೊಟ್ಟಿಗೆಗೆ ಪೂಜೆ ಮಾಡಿದೆ.

ಫೋನು ಮಾಡಿದರೆ ಆ ಟೈ ಹುಡುಗನಲ್ಲಿ ಪ್ರತಿ ಸಲವೂ ಹೊಸ ಸುದ್ದಿ ಇರುತ್ತಿತ್ತು. ಗಾಡಿ ಕಂಪನಿಯಿಂದ ಹೊರಟಿದೆ. ಗಾಡಿ ಹೊತ್ತ ಲಾರಿ ಸೋಲಾಪುರದ ಆಚೆ ನಿಂತಿದೆ. ಗಾಡಿ ಬಂದಿದೆ, ಗ್ಯಾಸಿನ ಟಾಕಿ ಬಂದಿಲ್ಲ. ಟಾಕಿ ಬಂದಿದೆ, ಅದರ ಕಾಗದ ಬಂದಿಲ್ಲ. ಕೊನೆಕೊನೆಗೆ ನಮಗಿಬ್ಬರಿಗೂ ಎಷ್ಟು ಸಲಿಗೆ ಬೆಳೆಯಿತೆಂದರೆ ನಾನು ಮೊದಲು ಅವನ ತಾಯಿಯ ಮೊಣಕಾಲು ನೋವು ವಿಚಾರಿಸಿ ಆಮೇಲೆ ಗಾಡಿ ಕೇಳುತ್ತಿದ್ದೆ. ಈ ನಡುವೆ ಏಳನೇ ತಿಂಗಳು ದಾಟಿ ಹೋಯಿತು. ಎಂಟರಲ್ಲಿ ಮಾಡುವ ಹಾಗಿಲ್ಲ. ಇನ್ನು ಒಂಬತ್ತು. ಅದೂ ತಪ್ಪಿದರೆ ಹುಡುಗಿ ಚಿಂಚೋಳಿಯಲ್ಲೇ ಹಲ್ಲು ಕಚ್ಚಿಕೊಂಡು ಹಡೆಯಬೇಕು. ನಮ್ಮ ಮನೆಯವರು ದಿನಾ ಊಟಕ್ಕೆ ಕೂತಾಗ ಯಾರಿಗೂ ಅಲ್ಲದ ಹಾಗೆ, “ಜೀಪ್ ಭಾಳ ಛಂದಿತ್ತು,” ಅನ್ನುತ್ತಿದ್ದರು. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಒಗೆಯುತ್ತಿದ್ದೆ.

ಒಂಬತ್ತರಲ್ಲಿ ಕುಬಸದ ದಿನ ಗೊತ್ತು ಮಾಡಿದೆವು. ಗಾಡಿ ಬಂದದ್ದು ಅದರ ಹಿಂದಿನ ಸಂಜೆ. ಅಬ್ಬಾ, ಎಂಥ ಬೆಳ್ಳಗಿನ ವ್ಯಾನು! ಗ್ಯಾಸಿನ ಟಾಕಿ ತುಂಬಿಸಿ ಕಳಿಸಿದ್ದರು, ಪೆಟ್ರೋಲು ಮಾತ್ರ ತಳದಲ್ಲಿ ಒಂದಿಷ್ಟು. ಆದರೆ ನಾವು ಬುತ್ತಿ ಇಡಬೇಕೆಂದುಕೊಂಡಿದ್ದ ಹಿಂದಿನ ಜಾಗವನ್ನೆಲ್ಲ ಆ ಟಾಕಿಯೇ ನುಂಗಿತ್ತು. ಶೇಂಗಾ ಹೋಳಿಗೆ, ಕಡಬು, ಐದು ನಮೂನೆಯ ಪಲ್ಯ, ಮೊಸರನ್ನ, ರೊಟ್ಟಿಯ ಬುಟ್ಟಿ, ಎಲ್ಲವನ್ನೂ ಮರುದಿನ ಮುಂಜಾನೆ ಕಾಲ ಕೆಳಗೆ, ಮಡಿಲಲ್ಲಿ, ತಲೆಯ ಹಿಂದೆ ತುರುಕಿದೆವು. ಭಾಗ್ಯ ಬಯಸಿದ್ದು ಒಂದೇ ಪದಾರ್ಥ, ನನ್ನ ಕೈಯ ಮೂಲಂಗಿ ಪಚಡಿ, ಬೆಳ್ಳುಳ್ಳಿ ಜಾಸ್ತಿ ಹಾಕಿದ್ದು. ಅದನ್ನು ಹಿಂದಿನ ದಿನವೇ ಮಾಡಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಚೆಲ್ಲದಿರಲೆಂದು ಟಾಕಿಗೆ ಆನಿಸಿ ಇಟ್ಟೆ.

ಮಲ್ಲಣ್ಣ ಗಾಡಿ ಹೊಡೆಯುತ್ತಿದ್ದ. ಅವನ ಪಕ್ಕ ನಮ್ಮ ಮನೆಯವರು. ಹಿಂದೆ ಕೌದಿಯ ಮೇಲೆ ನಾನು, ಸೊಸೆ ಶಾರದಾ. ಸೇಡಂ ಬಂದಾಗ ಮಲ್ಲಣ್ಣ ಬಂಕಿನ ಕಡೆ ತಿರುಗಿಸಿ, ಪೆಟ್ರೋಲು ಸ್ವಲ್ಪವೇ ಇದೆ, ಹಾಕಿಸೋಣ ಅಂದ. ನಾನು ಬಿಡಲಿಲ್ಲ. ಹೊಟ್ಟೆ ತುಂಬಾ ಗ್ಯಾಸು ಇಟ್ಟುಕೊಂಡ ಗಾಡಿಗೆ ತುಟ್ಟಿ ಪೆಟ್ರೋಲು ಯಾಕೆ? ಮತ್ತೆ ಸೋವಿ ಗಾಡಿ ಅಂತ ತಗೊಂಡದ್ದು ಯಾವ ಸುಖಕ್ಕೆ? ಅವನು ಬಂಕು ಬಿಟ್ಟು ಮುಂದೆ ಹೊಡೆದ.

ಸೇಡಂ ದಾಟಿ, ಎರಡೂ ಕಡೆ ತೊಗರಿ ಹೊಲ ಶುರುವಾದ ಮೇಲೆ, ಬಿಸಿಲು ಏರಿತು. ಆಗ ನನ್ನ ಮೂಗಿಗೆ ವಾಸನೆ ಬಡಿಯಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಆ ವಾಸನೆ ನನಗೆ ಗೊತ್ತಿಲ್ಲವೇ? ಓಣಿಯ ಎಷ್ಟು ಮನೆಯಲ್ಲಿ ಅದನ್ನು ಹಿಡಿದಿಲ್ಲ ನಾನು! “ಮಲ್ಲಣ್ಣಾ, ಗಾಡಿ ನಿಂದ್ರಸು. ಗ್ಯಾಸ್ ಸೋರಲಿಕತ್ತದ,” ಅಂದೆ.

ಎಲ್ಲರೂ ಇಳಿದು ಓಡಿದರು. ನಮ್ಮ ಮನೆಯವರು ಆ ವಯಸ್ಸಿನಲ್ಲಿ ಅಷ್ಟು ದೂರ ಓಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ಮಲ್ಲಣ್ಣ ದೂರದಿಂದ, “ಅವ್ವಾ, ಮುಟ್ಟಬ್ಯಾಡ, ನಾ ಬರ್ತೀನಿ ತಡಿ,” ಎಂದು ಕೂಗುತ್ತಿದ್ದ. ನಾನು ತಡೆಯಲಿಲ್ಲ. ಹಿಂದಿನ ಬಾಗಿಲು ತೆಗೆದು, ಟಾಕಿಯ ಮೇಲಿನ ತಿರುಪು ಹಿಡಿದು, ಮನೆಯ ಸಿಲಿಂಡರಿಗೆ ತಿರುವುವ ಹಾಗೆ ತಿರುವಿದೆ. ತಿರುಪು ಬಿಗಿಯಾಗಿ ನಿಂತಿತು. ಗಟ್ಟಿ ಇರಲಿ ಎಂದು ಸೆರಗು ಸುತ್ತಿ ಇನ್ನೊಂದು ಸಲ ಬಲವಾಗಿ ತಿರುವಿದೆ.

ತಿರುಪು ನನ್ನ ಕೈಗೆ ಬಂತು. ಪೂರ್ತಿ ಬಂತು.

ಗ್ಯಾಸು ಬಂದ್ ಆಗಿತ್ತು, ಇನ್ನು ತೆಗೆಯುವ ದಾರಿ ಇರಲಿಲ್ಲ. ಇರಲಿ, ಇನ್ನೊಂದು ಹೊಟ್ಟೆ ಇದೆಯಲ್ಲ ಎಂದು ಧೈರ್ಯ ಹೇಳಿದೆ. ಗಾಳಿಗೆ ಬಾಗಿಲು ತೆಗೆದಿಟ್ಟು ಸ್ವಲ್ಪ ಹೊತ್ತು ಕಾದು, ಪೆಟ್ರೋಲಿನ ಮೇಲೆ ಹೊರಟೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಅದೇ ವಾಸನೆ. ಬಂದ್ ಆದ ಗ್ಯಾಸು ಎಲ್ಲಿಂದ ಸೋರುತ್ತದೆ? ಎಲ್ಲರೂ ಮೂಗಾಡಿಸಿದೆವು. ಶಾರದಾ ಮೆಲ್ಲಗೆ ಹಿಂದೆ ಬಗ್ಗಿ ಗಡಿಗೆಯ ಬಟ್ಟೆ ಸಡಿಲಿಸಿದಳು. ನಮ್ಮೆಲ್ಲರ ಕಣ್ಣಲ್ಲಿ ನೀರು ಬಂತು.

“ಅತ್ತೀ,” ಅಂದಳು ಶಾರದಾ, “ಪಚಡಿ ಛಲೋ ಆಗ್ಯದ್ರಿ.”

ಒಂದು ಹಗಲು ಒಂದು ರಾತ್ರಿ ಬಟ್ಟೆ ಕಟ್ಟಿಟ್ಟ ಮೂಲಂಗಿ, ಜಾಸ್ತಿ ಹಾಕಿದ ಬೆಳ್ಳುಳ್ಳಿ, ಮೇಲೆ ಬಿಸಿಲು. ಗ್ಯಾಸಿನ ಪಂಡಿತೆಗೆ ತನ್ನ ಅಡುಗೆಯ ಗುರುತು ಸಿಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಗಾಡಿ ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಪೆಟ್ರೋಲು ಖಾಲಿ.

ನಮ್ಮ ಮನೆಯವರು ಹಿಂದೆ ತಿರುಗಿ ನೋಡಿದರು. “ಒಂದು ತೀರಿದ್ರ ಇನ್ನೊಂದು ಇರ್ತದ ಅಂದಿದ್ದಿ,” ಅಂದರು. ಇಡೀ ದಿನದಲ್ಲಿ ಅವರು ಆಡಿದ ಉದ್ದದ ಮಾತು ಅದು.

ಬಿಸಿಲಲ್ಲಿ ಬಹಳ ಹೊತ್ತು ಕೂತೆವು. ಕೊನೆಗೆ ಸೇಡಂ ಸಂತೆಯಲ್ಲಿ ತೊಗರಿ ಮಾರಿ ಖಾಲಿ ಹೊರಟಿದ್ದ ಒಂದು ಟ್ರ್ಯಾಕ್ಟರು ಬಂತು. ನಿಲ್ಲಿಸಿದ ಡ್ರೈವರ್ ನಮ್ಮನ್ನು ನೋಡಿ ನಗುತ್ತಾ ಕೈ ಮುಗಿದ. ನಮ್ಮ ಗುರುತು ಅವನಿಗೆ ಇತ್ತು. ಅದು ಗಂಗವ್ವನ ಮನೆಯ ಟ್ರ್ಯಾಕ್ಟರೇ ಆಗಿತ್ತು! ಬೇರೆ ಯಾರದ್ದಾದರೂ ಬರಲಿ, ಕಾಯೋಣ ಎಂದು ನಾನು ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡಸರು ಹಗ್ಗ ಕಟ್ಟಿದರು.

ಅವರೆಲ್ಲ ನನ್ನನ್ನು ಶಾರದಾಳ ಸಂಗಡ ಟ್ರಾಲಿಯಲ್ಲಿ ಕೂರಿಸಬೇಕೆಂದಿದ್ದರು. ನಾನು ಹಟ ಹಿಡಿದು, ನಮ್ಮ ಮನೆಯವರನ್ನು ಟ್ರಾಲಿಗೆ ಕಳಿಸಿ, ವ್ಯಾನಿನ ಮುಂದಿನ ಸೀಟಿನಲ್ಲಿ ಕೂತೆ. ಸ್ವಂತ ಗಾಡಿಯಲ್ಲಿ ಬರುತ್ತೇನೆ ಅಂದವಳು ಸ್ವಂತ ಗಾಡಿಯಲ್ಲೇ ಬರಬೇಕು. ಹೂವಿನ ಹಾರ ಹಾಕಿದ ಬಿಳಿ ವ್ಯಾನಿನಲ್ಲಿ, ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿ ಮಾಡಿಕೊಂಡು, ಕೈಯಲ್ಲಿ ತಿರುಪು ಹಿಡಿದುಕೊಂಡು ನಾನು ಚಿಂಚೋಳಿಯನ್ನು ಪ್ರವೇಶ ಮಾಡಿದೆ. ಟ್ರ್ಯಾಕ್ಟರಿನವನು ದಾರಿಯುದ್ದಕ್ಕೂ ಹಾರ್ನು ಹೊಡೆದು ಜನರನ್ನು ಹೊರಗೆ ಕರೆಸಿದ. ಬೇಡವೆಂದು ಕೈ ಮಾಡಿದೆ. ನಾನು ಖುಷಿಗೆ ಕೈ ಬೀಸುತ್ತಿದ್ದೇನೆಂದು ತಿಳಿದು ಇನ್ನೂ ಜೋರಾಗಿ ಹೊಡೆದ.

ಗಂಗವ್ವ ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ವ್ಯಾನನ್ನು ನೋಡಿದಳು. ಹಗ್ಗ ನೋಡಿದಳು. ಹಗ್ಗದ ಆ ತುದಿಯಲ್ಲಿದ್ದ ತನ್ನ ಟ್ರ್ಯಾಕ್ಟರ್ ನೋಡಿದಳು.

“ಗಾಡಿ ಭಾಳ ಛಂದ ಅದ್ರಿ ಬೀಗ್ತೀ,” ಅಂದಳು. “ಆದ್ರ ಇಂಜಿನ್ ಭಾಳ ಮುಂದ ಇಟ್ಟಾರ.”

ಕುಬಸ ಚೆನ್ನಾಗಿಯೇ ಆಯಿತು. ಹಸಿರು ಸೀರೆಯಲ್ಲಿ ಹುಡುಗಿ ಲಕ್ಷಣವಾಗಿ ಕಂಡಳು. ಆದರೆ ತಿರುಪು ಕಿತ್ತ ಆ ಗ್ಯಾಸಿನ ಗಾಡಿಯಲ್ಲಿ ಬಸುರಿಯನ್ನು ಹೇಗೆ ಕಳಿಸಲಿ ಎಂದು ಗಂಗವ್ವ ಇನ್ನೇನು ಕೇಳುವವಳಿದ್ದಳು. ಕೇಳುವ ಮೊದಲು ನಾನೇ ಹೇಳಿಬಿಡೋಣವೆಂದು, “ನನ್ನ ಗಾಡಿ ಕೆಟ್ಟದ ಬೀಗ್ತೀ. ಹುಡುಗಿ ಇಲ್ಲೇ ಇರ್ಲಿ,” ಅಂದೆ. ಹೇಳುವಾಗ ಭಾಗ್ಯಳ ಮುಖ ನೋಡಲಿಲ್ಲ.

ಭಾಗ್ಯ ಮೂಲಂಗಿ ಪಚಡಿಯನ್ನು ಬೆರಳಿನಿಂದ ನೆಕ್ಕುತ್ತಿದ್ದಳು. “ಅಜ್ಜಿ, ವ್ಯಾನಿನಾಗ ಕುಂತ್ರ ನನಗ ವಾಂತಿ ಬರ್ತದ. ಸಣ್ಣಾಕಿ ಇದ್ದಾಗಿಂದ ಬರ್ತದ. ಯಾರರೆ ನನ್ನ ಕೇಳೀರೇನು? ನಂಗ ರೈಲಿನಾಗ ಕರ್ಕೊಂಡು ಹೋಗು.”

ಗಂಗವ್ವ ತಲೆಯಾಡಿಸಿದಳು. “ರೈಲಿನಾಗ ಹೋಗ್ಲಿ ಬಿಡ್ರಿ, ಕಾಲು ಚಾಚಿ ಮಲಗ್ಬಹುದು. ಸೇಡಂ ತನ ಇಲ್ಲಿಂದೊಂದು ಬಾಡಿಗಿ ಕಾರ್ ಮಾಡ್ತೀನಿ, ಖಿಡಕಿ ತೆಗದು ಸಾವಕಾಶ ಹೋಗ್ರಿ. ನಾ ಬಸ್ಸು ಬ್ಯಾಡ ಅಂದಿದ್ದೆ. ಸ್ವಂತ ಗಾಡಿ ತರ್ರಿ ಅಂತ ಯಾವಾಗ ಅಂದಿದ್ದೆ?”

ನಮ್ಮ ಮನೆಯವರು ಆ ಕಡೆ ಕೂತು ಕಡಬು ತಿನ್ನುತ್ತಿದ್ದರು. ಬಾಡಿಗೆ ಕಾರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕಡೆ ನೋಡಿ ಇನ್ನೊಂದು ಕಡಬು ಕೇಳಿದರು.

ಹುಡುಗಿ ರೈಲಿನಲ್ಲಿ ಬಂದಳು, ಕಿಟಕಿಯ ಪಕ್ಕ ಕೌದಿ ಹಾಸಿಕೊಂಡು ಮಲಗಿ, ಒಂದು ಸಲವೂ ವಾಂತಿ ಮಾಡದೆ. ತವರಿನಲ್ಲೇ ಹಡೆದಳು. ಹೆಣ್ಣು ಕೂಸು. ಓಣಿಯ ಕೊನೆಯವರೆಗೆ ಕೇಳುವ ಹಾಗೆ ಕೂಗಿದಳು, ನನಗೆ ಬಹಳ ಸಮಾಧಾನವಾಯಿತು.

ಮಲ್ಲಣ್ಣ ಚಿಂಚೋಳಿಯಲ್ಲೇ ಪೆಟ್ರೋಲು ಹಾಕಿಸಿ ವ್ಯಾನನ್ನು ತಂದು ಫರಸಿಯ ಮೇಲೆ ನಿಲ್ಲಿಸಿದ. ಆಮೇಲೂ ಪೆಟ್ರೋಲಿನ ಮೇಲೇ ಅಂಗಡಿಗೆ ಓಡಾಡುತ್ತಿದ್ದ. ಗ್ಯಾಸಿನ ತಿರುಪು ಇಲ್ಲೆಲ್ಲೂ ಸಿಗುವುದಿಲ್ಲ, ಕಂಪನಿಯಿಂದಲೇ ಬರಬೇಕು ಅಂದರು. ಫೋನು ಮಾಡಿದಾಗ ಟೈ ಹುಡುಗ ನನ್ನ ದನಿ ಗುರುತು ಹಿಡಿದು, “ಹೊರಟದ್ರಿ ಅಮ್ಮಾ, ದಾರ್ಯಾಗ ಅದ,” ಅಂದ. ತಿರುಪು ಬರುವಷ್ಟರಲ್ಲಿ ಕೂಸಿಗೆ ಹಲ್ಲು ಬಂದಿದ್ದವು. ಎಮ್ಮೆ ಕೊಟ್ಟಿಗೆಯ ಅರ್ಧ ಭಾಗವನ್ನು ಮರಳಿ ಪಡೆದಿತ್ತು.

ಈಗಲೂ ನಮ್ಮ ಓಣಿಯಲ್ಲಿ ಯಾರು ಗಾಡಿ ಕೊಳ್ಳುವುದಿದ್ದರೂ ಮೊದಲು ನನ್ನ ಹತ್ತಿರ ಬಂದು ಕೂತು, ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ನಾನು ಚಹಾ ಕೊಟ್ಟು, ಎಲ್ಲ ವಿಚಾರ ಮಾಡಿ, ಒಂದನ್ನು ಹೇಳುತ್ತೇನೆ. ಅವರು ಬಹಳ ಗೌರವದಿಂದ ಕೇಳಿಸಿಕೊಂಡು ಹೋಗಿ, ಅದೊಂದನ್ನು ಬಿಟ್ಟು ಬೇರೆ ಯಾವುದಾದರೂ ಕೊಳ್ಳುತ್ತಾರೆ.